ಎಂಜಿನಿಯರಿಂಗ್ ನಿರ್ವಹಣೆಯ ಸಂಶೋಧನೆ ಕೆಲಸದಲ್ಲಿರುವ ಮ್ಯಾನೇಜರುಗಳ ಕೈಗೆ ತಲುಪುವುದು ಹೇಗೆ?

ಪ್ರಶ್ನೆ: ವಿನ್ಯಾಸ ತಂಡದ ಮ್ಯಾನೇಜರ್, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ವಾಹನಗಳ ಎಲೆಕ್ಟ್ರಾನಿಕ್ ಭಾಗಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ 11 ವರ್ಷ ಸರ್ಕ್ಯೂಟ್ ವಿನ್ಯಾಸದ ಕೆಲಸ ಮಾಡಿದ ನಾನು, ಈಗ 3 ವರ್ಷಗಳಿಂದ 14 ಜನರ ತಂಡವೊಂದರ ಮ್ಯಾನೇಜರ್ ಆಗಿದ್ದೇನೆ. ಬಹುತೇಕ ಕಡೆ ಆಗುವಂತೆ, ವಿನ್ಯಾಸ ಚೆನ್ನಾಗಿ ಮಾಡುತ್ತಿದ್ದೆ ಎಂಬ ಕಾರಣಕ್ಕೆ ನನಗೆ ಈ ಜವಾಬ್ದಾರಿ ಬಂತು. ವಿನ್ಯಾಸವನ್ನು ನಾಲ್ಕು ವರ್ಷ ಕಾಲೇಜಿನಲ್ಲಿ ಕಲಿತಿದ್ದೆ. ಹತ್ತಾರು ಜನರ ಕೆಲಸವನ್ನು ಹೊಂದಿಸುವುದನ್ನು ಒಂದು ದಿನವೂ ಯಾರಿಂದಲೂ ಕಲಿತಿರಲಿಲ್ಲ.

ಆ ಕೊರತೆಯನ್ನು ತುಂಬಿಕೊಳ್ಳಬೇಕೆಂದು ಎರಡು ವರ್ಷ ವಾರಾಂತ್ಯದ ತರಗತಿಗಳಿಗೆ ಹೋಗಿ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಓದಿದೆ. ಅಲ್ಲಿ ಗೊತ್ತಾದ ಸಂಗತಿ ನನ್ನನ್ನು ಇಂದಿಗೂ ಕಾಡುತ್ತಿದೆ. ಈ ವಿಷಯಕ್ಕೆಂದೇ ಮೀಸಲಾದ, ಈಗ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವಾದ ಐಟ್ರಿಪಲ್‌ಇ ಹೊರತರುತ್ತಿರುವ ಸಂಶೋಧನಾ ಪತ್ರಿಕೆಯೊಂದು 1954ರಿಂದಲೂ ಇದೆ. ನಾನು ರಾತ್ರಿ ನಿದ್ದೆಗೆಟ್ಟು ಯೋಚಿಸುತ್ತಿದ್ದ ಪ್ರಶ್ನೆಗಳಲ್ಲಿ ಹಲವನ್ನು ಅರ್ಧ ಶತಮಾನದ ಹಿಂದೆಯೇ ಯಾರೋ ಎಣಿಸಿ, ಅಳೆದು ಬರೆದಿಟ್ಟಿದ್ದಾರೆ. ನಾನು ಮ್ಯಾನೇಜರ್ ಆದ ಮೊದಲ ವರ್ಷ ಒಂದು ಪ್ರಾಜೆಕ್ಟ್ ತಡವಾದಾಗ, ಬೇರೆ ತಂಡದಿಂದ ಮೂವರು ಎಂಜಿನಿಯರುಗಳನ್ನು ಕೇಳಿ ತಂದು ಸೇರಿಸಿಕೊಂಡೆ. ಹಳಬರೆಲ್ಲ ಹೊಸಬರಿಗೆ ವಿವರಿಸುವುದರಲ್ಲೇ ಎರಡು ತಿಂಗಳು ಕಳೆದುಹೋದವು, ಪ್ರಾಜೆಕ್ಟ್ ಇನ್ನಷ್ಟು ತಡವಾಯಿತು. ತಡವಾದ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಜನರನ್ನು ಸೇರಿಸಿದರೆ ಅದು ಮತ್ತೂ ತಡವಾಗುತ್ತದೆ ಎಂದು ಐಬಿಎಂನ ಅನುಭವದಿಂದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರೆಂಬುದು ತರಗತಿಯಲ್ಲಿ ತಿಳಿದಾಗ, ಆ ಎರಡು ತಿಂಗಳು ಮನೆಗೆ ಹೊತ್ತು ಮೀರಿ ಹೋದ ನನ್ನ ತಂಡದವರ ಮುಖಗಳು ಕಣ್ಣ ಮುಂದೆ ಬಂದವು.

ಹೀಗಾಗಿ ಇತರ ಮ್ಯಾನೇಜರುಗಳಿಗೂ ಇದನ್ನು ತಲುಪಿಸಬೇಕೆಂದು ಹೊರಟೆ. ಪ್ರತಿ ಶುಕ್ರವಾರ ಒಂದು ಸಂಶೋಧನಾ ಪ್ರಬಂಧದ ಸಾರಾಂಶವನ್ನು ಬರೆದು ಮೇಲ್ ಮಾಡಿದೆ, ಯಾರೂ ಉತ್ತರಿಸಲಿಲ್ಲ. ತಿಂಗಳಿಗೊಮ್ಮೆ ಊಟದ ವಿರಾಮದಲ್ಲಿ ಮಾತುಕತೆ ಏರ್ಪಡಿಸಿದೆ; ಮೊದಲ ಸಲ 9 ಜನ ಬಂದರು, ನಾಲ್ಕನೆಯ ಸಲ ಇಬ್ಬರು. ನನಗಿಂತ ಹಿರಿಯರಾದ ಸಹೋದ್ಯೋಗಿಯೊಬ್ಬರು ಬೇಸರವಿಲ್ಲದೆಯೇ ಹೇಳಿದರು: “ಇವೆಲ್ಲ ಅಮೆರಿಕದ ಪ್ರಯೋಗಾಲಯಗಳಿಗೆ ಸರಿ ಮೇಡಂ. ನಮಗೆ ಸಂಜೆ ಐದಕ್ಕೆ ಗ್ರಾಹಕರ ಫೋನ್ ಬರುತ್ತದೆ.”

ನನ್ನ ಪ್ರಶ್ನೆ ಇಷ್ಟೆ. ನಾನು ತಲುಪಿಸಿದ ರೀತಿಯಲ್ಲಿ ತಪ್ಪಿದೆಯೇ, ಅಥವಾ ಈ ಸಂಶೋಧನೆ ನಿಜವಾಗಿಯೂ ನಮ್ಮ ಕೆಲಸಕ್ಕೆ ಒದಗುವಂಥದ್ದಲ್ಲವೇ? ತಮ್ಮ ಕೆಲಸದ ಜಾಗದಲ್ಲಿ ಇದನ್ನು ಮಾಡಿ ನೋಡಿದವರು ಯಾರಾದರೂ ಇದ್ದರೆ, ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದನ್ನು ದಯವಿಟ್ಟು ತಿಳಿಸಬೇಕು.

ಉತ್ತರ 1: ಸಾರ್ವಜನಿಕ ವಲಯದ ಸಂಶೋಧನಾ ವಿಭಾಗದಿಂದ ನಿವೃತ್ತರಾದವರು, ಮೈಸೂರು

ಮೇಡಂ, ನಿಮ್ಮ ಪ್ರಶ್ನೆಗೆ ಒಂದು ಉತ್ತರ ಆ ಸಂಶೋಧನೆಯ ಒಳಗೇ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ ಅವರು 1960ರ ದಶಕದಿಂದ ಒಂದೂವರೆ ದಶಕ ಕಾಲ ಅಧ್ಯಯನ ಮಾಡಿದ್ದು ಇದನ್ನೇ: ಎಂಜಿನಿಯರುಗಳಿಗೆ ಹೊಸ ತಿಳಿವಳಿಕೆ ಎಲ್ಲಿಂದ ಬರುತ್ತದೆ? ಒಂದೇ ತಾಂತ್ರಿಕ ಸಮಸ್ಯೆಯನ್ನು ಎರಡು ಬೇರೆ ಬೇರೆ ತಂಡಗಳಿಗೆ ವಹಿಸಿದ್ದ ಸಂದರ್ಭಗಳನ್ನು ಹುಡುಕಿ, ಯಾವ ತಂಡ ಯಾರನ್ನು ಕೇಳಿತು, ಏನನ್ನು ಓದಿತು, ಯಾರ ಪರಿಹಾರ ಉತ್ತಮವಾಗಿತ್ತು ಎಂದು ಅವರು ಹೋಲಿಸಿ ನೋಡಿದರು. ವಿಜ್ಞಾನಿಗಳು ಪತ್ರಿಕೆಗಳನ್ನು ಓದಿ ತಿಳಿದುಕೊಳ್ಳುತ್ತಾರೆ, ಎಂಜಿನಿಯರುಗಳು ಪಕ್ಕದವರನ್ನು ಕೇಳಿ ತಿಳಿದುಕೊಳ್ಳುತ್ತಾರೆ ಎಂಬುದು ಅವರು ಕಂಡ ಮುಖ್ಯ ವ್ಯತ್ಯಾಸ. ಹಾಗಾದರೆ ಹೊರಗಿನ ಜ್ಞಾನ ಒಳಗೆ ಬರುವುದು ಹೇಗೆ? ಪ್ರತಿ ಪ್ರಯೋಗಾಲಯದಲ್ಲೂ ಬೆರಳೆಣಿಕೆಯಷ್ಟು ಜನರಿರುತ್ತಾರೆ. ಅವರು ಹೊರಗಿನದನ್ನು ಓದುತ್ತಾರೆ, ಹೊರಗಿನವರೊಡನೆ ಮಾತನಾಡುತ್ತಾರೆ, ಒಳಗಿನವರು ಅವರ ಬಳಿಗೇ ಪ್ರಶ್ನೆ ತೆಗೆದುಕೊಂಡು ಹೋಗುತ್ತಾರೆ. ಇಂಥವರನ್ನು ಅಲೆನ್ ದ್ವಾರಪಾಲಕರು ಎಂಬರ್ಥದ ಮಾತಿನಿಂದ ಕರೆದರು. ನಮ್ಮ ದ್ವಾರಪಾಲಕರು ತಡೆದು ನಿಲ್ಲಿಸುವವರಾದ್ದರಿಂದ ನಾನು ಅವರನ್ನು ಹೊಸ್ತಿಲಿನವರು ಎನ್ನುತ್ತೇನೆ.

ನನ್ನ ವಿಭಾಗದಲ್ಲಿ ಅಂಥ ಒಬ್ಬರಿದ್ದರು. ನಾನು ಆಗ ಬೆಂಗಳೂರಿನಲ್ಲಿದ್ದೆ, ಇಂಟರ್‌ನೆಟ್ ಇನ್ನೂ ಬಂದಿರಲಿಲ್ಲ. ಅವರು ಶನಿವಾರ ಮಧ್ಯಾಹ್ನ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಂಥಾಲಯಕ್ಕೆ ಹೋಗಿ ಸಂಜೆಯವರೆಗೆ ಓದಿ ಬರುತ್ತಿದ್ದರು. ಸೋಮವಾರ ಬಂದು ಯಾರಿಗೂ ಉಪನ್ಯಾಸ ಕೊಡುತ್ತಿರಲಿಲ್ಲ. ಯಾರಾದರೂ ಬೆಂಚಿನ ಮುಂದೆ ತಲೆಯ ಮೇಲೆ ಕೈಯಿಟ್ಟು ಕುಳಿತಿರುವುದನ್ನು ಕಂಡರೆ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕುಳಿತು, ಏನಾಗಿದೆ ಎಂದು ಕೇಳಿ, ತಾವು ಓದಿದ್ದರಲ್ಲಿ ಅದಕ್ಕೆ ಹೊಂದುವುದೇನಾದರೂ ಇದ್ದರೆ ಅಷ್ಟನ್ನು ಮಾತ್ರ ಹೇಳುತ್ತಿದ್ದರು. ಪ್ರಾಜೆಕ್ಟ್ ಯೋಜನೆಯ ವಿಷಯದಲ್ಲಿಯೂ ಹೀಗೆಯೇ. ನನ್ನ ಒಂದು ವೇಳಾಪಟ್ಟಿಯನ್ನು ನೋಡಿ, ಒಬ್ಬನೇ ಎಂಜಿನಿಯರ್ ನಾಲ್ಕು ಪ್ರಾಜೆಕ್ಟುಗಳಲ್ಲಿ ಕಾಲು ಕಾಲು ಹಂಚಿಹೋಗಿರುವುದನ್ನು ತೋರಿಸಿ, ಎರಡಕ್ಕಿಂತ ಹೆಚ್ಚಾದರೆ ಅವನ ಸಮಯವೆಲ್ಲ ಒಂದರಿಂದ ಇನ್ನೊಂದಕ್ಕೆ ಹೊರಳುವುದರಲ್ಲೇ ಹೋಗುತ್ತದೆ ಎಂದು ಅವರು ಹೇಳಿದ್ದು ನೆನಪಿದೆ. ಹಾರ್ವರ್ಡಿನ ವೀಲ್‌ರೈಟ್ ಮತ್ತು ಕ್ಲಾರ್ಕ್ 1992ರಲ್ಲಿ ಅದನ್ನೇ ಬರೆದಿದ್ದರೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಹೆಸರು ಗೊತ್ತಿಲ್ಲದೆಯೂ ಆ ಮಾತನ್ನು ನಾನು ಪಾಲಿಸಿದೆ, ಏಕೆಂದರೆ ಅದು ನನ್ನದೇ ವೇಳಾಪಟ್ಟಿಯ ಮೇಲೆ ಬೆರಳಿಟ್ಟು ಹೇಳಿದ ಮಾತಾಗಿತ್ತು.

ಮುಂದಿನದನ್ನು ಹೇಳದಿದ್ದರೆ ನನ್ನ ಉತ್ತರ ಅಪೂರ್ಣ. ಬಡ್ತಿಯ ಸಮಯದಲ್ಲಿ ಆ ವ್ಯಕ್ತಿಯ ಹೆಸರಿನ ಮುಂದೆ ಬರೆಯಲು ಏನೂ ಇರಲಿಲ್ಲ. ಇತರರ ಸಮಸ್ಯೆಗಳಲ್ಲಿ ಅವರು ಕಳೆದ ಸಮಯ ಇತರರ ಲೆಕ್ಕಕ್ಕೆ ಹೋಗಿತ್ತು, ವರದಿ ಬರೆಯುವ ಸ್ಥಾನದಲ್ಲಿದ್ದ ನಾನೂ ಅದನ್ನು ಗಟ್ಟಿಯಾಗಿ ಬರೆಯಲಿಲ್ಲ. ಎರಡು ಸಲ ಹೀಗಾದ ಮೇಲೆ ಅವರು ವರ್ಗಾವಣೆ ಕೇಳಿಕೊಂಡು ಹೋದರು. ಒಂದು ವರ್ಷ ಕಳೆಯುವುದರೊಳಗೆ ನಮ್ಮ ವಿಭಾಗದಲ್ಲಿ ಹೊರಗಿನ ಯಾವ ಮಾತೂ ಕೇಳಿಬರದಂತಾಯಿತು. ಅಮೆರಿಕದ ಒಂದು ದೊಡ್ಡ ಸಂಶೋಧನಾ ಕೇಂದ್ರದ 50 ತಂಡಗಳನ್ನು ಅಧ್ಯಯನ ಮಾಡಿದ ರಾಲ್ಫ್ ಕಾಟ್ಜ್, ಒಂದೇ ತಂಡದವರು ಐದು ವರ್ಷಕ್ಕೂ ಹೆಚ್ಚು ಕಾಲ ಒಟ್ಟಿಗೇ ಇದ್ದಲ್ಲಿ ಹೊರಗಿನವರೊಡನೆ ಮಾತು ಕಡಿಮೆಯಾಗಿ ಕೆಲಸದ ಗುಣಮಟ್ಟವೂ ಇಳಿಯುತ್ತದೆಂದು 1982ರಲ್ಲಿ ತೋರಿಸಿದ್ದರು. ನಮ್ಮದು ಅಂಥ ಹಳೆಯ ತಂಡ. ಹೊಸ್ತಿಲಿನಲ್ಲಿದ್ದ ಒಬ್ಬರನ್ನೂ ನಾವು ಉಳಿಸಿಕೊಳ್ಳಲಿಲ್ಲ.

ಆದ್ದರಿಂದ ನನ್ನ ಸಲಹೆ: ಮೇಲ್ ಕಳುಹಿಸುವುದನ್ನು ಬಿಡಿ. ನಿಮ್ಮ ಕಂಪನಿಯಲ್ಲಿ ಈಗಾಗಲೇ ಓದುವ ಅಭ್ಯಾಸವಿರುವ, ಇತರರು ತಾವಾಗಿಯೇ ಹೋಗಿ ಕೇಳುವ ಒಬ್ಬಿಬ್ಬರನ್ನು ಗುರುತಿಸಿ. ಅವರು ಇತರರ ಹತ್ತಿರ ಕುಳಿತಿರಲಿ. ಕುರ್ಚಿಗಳ ನಡುವಿನ ದೂರ 30 ಮೀಟರ್ ದಾಟುವಷ್ಟರಲ್ಲಿ ಎಂಜಿನಿಯರುಗಳ ನಡುವಿನ ತಾಂತ್ರಿಕ ಮಾತು ಬಹುಮಟ್ಟಿಗೆ ನಿಂತೇಹೋಗುತ್ತದೆ ಎಂಬುದನ್ನೂ ಅಲೆನ್ ಅಳೆದು ತೋರಿಸಿದ್ದಾರೆ. ಹೊಸ್ತಿಲಿನವರ ಆ ಕೆಲಸವನ್ನು ಕೆಲಸವೆಂದೇ ದಾಖಲಿಸುವ ವ್ಯವಸ್ಥೆಯನ್ನು ಮೊದಲು ಮಾಡಿ.

ಉತ್ತರ 2: ಟೂಲ್ ರೂಮ್ ಪ್ರೊಡಕ್ಷನ್ ಮ್ಯಾನೇಜರ್, ಪೀಣ್ಯ

ನನ್ನದು ಡಿಪ್ಲೊಮಾ. ನಮ್ಮ ಟೂಲ್ ರೂಮಿನಲ್ಲಿ 40 ಜನರಿದ್ದಾರೆ, ಪ್ಲಾಸ್ಟಿಕ್ ಮೋಲ್ಡುಗಳನ್ನೂ ಅವುಗಳ ಬಿಡಿಭಾಗಗಳನ್ನೂ ಮಾಡುತ್ತೇವೆ. ಸಂಶೋಧನಾ ಪ್ರಬಂಧವನ್ನು ನಾನು ಈವರೆಗೆ ಓದಿಲ್ಲ, ಆದರೆ ಒಂದು ಪ್ರಬಂಧದಲ್ಲಿದ್ದ ವಿಷಯವನ್ನು ನಮ್ಮ ಶಾಪ್ ಫ್ಲೋರಿನಲ್ಲಿ ಮಾಡಿ ನೋಡಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ.

ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳ ಪ್ರಾಜೆಕ್ಟಿಗೆಂದು ಬಂದು ಒಂದು ವಾರ ನಮ್ಮಲ್ಲೇ ಇದ್ದರು. ಆ ದಿನಗಳಲ್ಲಿ ನಮಗಿದ್ದ ದೊಡ್ಡ ತಲೆನೋವು, ಗ್ರಾಹಕರಿಗೆ 5 ವಾರ ಎಂದು ಹೇಳಿದ ಕೆಲಸ ಯಾವತ್ತೂ 5 ವಾರಕ್ಕೆ ಮುಗಿಯದೇ ಇದ್ದದ್ದು. ಹುಡುಗರು ಮೈಗಳ್ಳತನ ಮಾಡುತ್ತಿದ್ದಾರೆಂದು ನಾನು ಅವರ ಮೇಲೆ ಕೂಗಾಡುತ್ತಿದ್ದೆ. ಅಧ್ಯಾಪಕರು ನನ್ನನ್ನು ಏನೂ ಕೇಳದೆ, ಒಂದೊಂದು ಕೆಲಸಕ್ಕೂ ಒಂದರಂತೆ ಇರುವ ಜಾಬ್ ಕಾರ್ಡುಗಳನ್ನು ಎಣಿಸಿದರು. ಒಳಗೆ ಬಂದು ಮುಗಿಯದೆ ಇದ್ದವು 54. ವಾರಕ್ಕೆ ಸರಾಸರಿ ಮುಗಿಯುತ್ತಿದ್ದವು 6. ಆಮೇಲೆ ನಮ್ಮನ್ನೆಲ್ಲ ಚಹಾದ ಹೊತ್ತಿಗೆ ಕೂರಿಸಿಕೊಂಡು ಕನ್ನಡದಲ್ಲೇ ಕೇಳಿದರು: ದರ್ಶಿನಿಯಲ್ಲಿ ಟೋಕನ್ ಹಿಡಿದು ದೋಸೆಗೆ ನಿಂತವರು 20 ಜನ, ನಿಮಿಷಕ್ಕೆ 4 ದೋಸೆ ಹೊರಗೆ ಬರುತ್ತವೆ, ಈಗ ಹೋಗಿ ಕೊನೆಯಲ್ಲಿ ನಿಂತವನಿಗೆ ದೋಸೆ ಯಾವಾಗ ಸಿಗುತ್ತದೆ? ಐದು ನಿಮಿಷ ಎಂದು ಎಲ್ಲರೂ ಹೇಳಿದರು. ಹಾಗಾದರೆ 54 ಕಾರ್ಡು, ವಾರಕ್ಕೆ 6, ಎಷ್ಟು ವಾರ? ಒಂಬತ್ತು ಎಂದು ಹೇಳುವಾಗ ನಮ್ಮ ಸೆಟ್ಟರ್ ಒಬ್ಬ ನನ್ನ ಮುಖ ನೋಡಿದ. ಯಾರೂ ಮೈಗಳ್ಳತನ ಮಾಡಿರಲಿಲ್ಲ. ನಾವು ಕೊಟ್ಟ ಮಾತೇ ಲೆಕ್ಕಕ್ಕೆ ಹೊಂದುವಂಥದ್ದಾಗಿರಲಿಲ್ಲ. ಇದನ್ನು ಜಾನ್ ಲಿಟಲ್ ಎಂಬುವರು 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ್ದಾರೆಂದು ಅವರು ಕೊನೆಯಲ್ಲಿ ತಿಳಿಸಿದರು.

ಎರಡನೆಯ ಪಾಠ ಇದಕ್ಕಿಂತ ಕಷ್ಟದ್ದು. ತಂತಿಯಿಂದ ಲೋಹ ಕತ್ತರಿಸುವ ನಮ್ಮ ವೈರ್ ಕಟ್ ಯಂತ್ರ ಒಂದು ನಿಮಿಷವೂ ಸುಮ್ಮನೆ ನಿಲ್ಲಬಾರದೆಂಬುದು ಮಾಲೀಕರ ಕಟ್ಟಪ್ಪಣೆ. ಕೆಲಸಗಳು ಹೊತ್ತುಗೊತ್ತಿಲ್ಲದೆ ಬರುತ್ತಿದ್ದು, ಒಂದೊಂದು ಕೆಲಸಕ್ಕೂ ಬೇರೆ ಬೇರೆ ಸಮಯ ಹಿಡಿಯುತ್ತಿದ್ದರೆ, ಯಂತ್ರ 100ಕ್ಕೆ 80 ಪಾಲು ಹೊತ್ತು ಓಡುವಾಗ ಒಂದು ಕೆಲಸ ಸರತಿಯಲ್ಲಿ ಕಾಯುವ ಸಮಯ ಸುಮಾರಾಗಿ ಕೆಲಸದ ಸಮಯದ 4 ಪಟ್ಟು. 90 ಆದರೆ 9 ಪಟ್ಟು. 95 ಆದರೆ 19 ಪಟ್ಟು. ನಮ್ಮದು 95ರ ಹತ್ತಿರವಿತ್ತು. ಅರ್ಧ ದಿನದ ಕೆಲಸಕ್ಕೆ ಬಂದ ಬ್ಲಾಕುಗಳು ಯಂತ್ರದ ಪಕ್ಕದ ರ‍್ಯಾಕಿನಲ್ಲಿ ಹತ್ತು ದಿನ ಕೂರುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ, ಕಾರಣ ಮಾತ್ರ ಗೊತ್ತಿರಲಿಲ್ಲ. ಕೆಲಸಗಳ ಏರುಪೇರನ್ನು ಕಡಿಮೆ ಮಾಡಿದರೆ ಅಷ್ಟೇ ಓಟದಲ್ಲೂ ಕಾಯುವಿಕೆ ಇಳಿಯುತ್ತದೆ ಎಂದೂ ಅಧ್ಯಾಪಕರು ಹೇಳಿದರು. ಒಂದೇ ಬಗೆಯ ಕೆಲಸಗಳನ್ನು ನಿಗದಿತ ದಿನ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿ ಶುರುವಾದದ್ದು ಹಾಗೆ.

ಒಂದು ಕಾರ್ಡು ಹೊರಗೆ ಹೋಗದೆ ಹೊಸ ಕಾರ್ಡು ಒಳಗೆ ಬಿಡುವುದಿಲ್ಲ ಎಂಬ ನಿಯಮಕ್ಕೆ ಮಾಲೀಕರನ್ನು ಒಪ್ಪಿಸಲು ನನಗೆ ಆರು ವಾರ ಹಿಡಿಯಿತು. ಮೊದಲು ಹಳೆಯ ಬಾಕಿಯನ್ನು ಕರಗಿಸಿದೆವು. ನಾಲ್ಕು ತಿಂಗಳಲ್ಲಿ 54 ಇದ್ದ ಕಾರ್ಡುಗಳು 33ಕ್ಕೆ ಇಳಿದವು, ವಾರಕ್ಕೆ 6 ಮುಗಿಯುವುದು ಹಾಗೆಯೇ ಉಳಿಯಿತು, ಸಮಯ ಐದೂವರೆ ವಾರಕ್ಕೆ ಬಂತು. ಮೇಡಂ, ನಿಮ್ಮ ಹಿರಿಯ ಸಹೋದ್ಯೋಗಿ ಹೇಳಿದ ಮಾತಿನಲ್ಲಿ ಸತ್ಯವಿದೆ. ಅಮೆರಿಕದ ಲೆಕ್ಕವೆಂದು ಹೇಳಿದ್ದರೆ ನಾನೂ ಕೇಳುತ್ತಿರಲಿಲ್ಲ. ನನ್ನ ಕಾರ್ಡುಗಳನ್ನು ನನ್ನೆದುರೇ ಎಣಿಸಿದಾಗ ಅದು ನನ್ನ ಲೆಕ್ಕವಾಯಿತು.

ಉತ್ತರ 3: ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜರ್, ವೈಟ್‌ಫೀಲ್ಡ್

ಮೇಲಿನ ಇಬ್ಬರ ಅನುಭವವನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ನಮ್ಮಂಥ ಮ್ಯಾನೇಜರುಗಳಿಗೆ ತಿಳಿವಳಿಕೆಯ ಕೊರತೆಯೇ ಮುಖ್ಯ ಸಮಸ್ಯೆ ಎಂದು ನನಗೆ ಅನಿಸುವುದಿಲ್ಲ. ಬ್ರೂಕ್ಸ್ ಹೇಳಿದ್ದು ನಮ್ಮ ಮಹಡಿಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಪ್ರಾಜೆಕ್ಟ್ ತಡವಾದಾಗ ಜನರನ್ನು ಸೇರಿಸುತ್ತೇವೆ, ಏಕೆಂದರೆ ಏನನ್ನಾದರೂ ಮಾಡಿದ್ದೇವೆಂದು ಮೇಲಿನವರಿಗೂ ಗ್ರಾಹಕರಿಗೂ ತೋರಿಸಲು ಆ ಕ್ಷಣದಲ್ಲಿ ಉಳಿದಿರುವ ದಾರಿ ಅದೊಂದೇ. ಮುಗಿಸುವ ದಿನಾಂಕವನ್ನು ಮಾರಾಟ ವಿಭಾಗದವರು ನನ್ನನ್ನು ಕೇಳುವ ಮೊದಲೇ ಒಪ್ಪಿಕೊಂಡಿರುತ್ತಾರೆ.

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ತಮ್ಮದೇ ಅನುಭವವೊಂದನ್ನು ಬರೆದಿದ್ದಾರೆ. ಇಸ್ರೇಲಿನಲ್ಲಿ ಶಾಲಾ ಪಠ್ಯವೊಂದನ್ನು ರಚಿಸುವ ತಂಡದಲ್ಲಿ ಅವರಿದ್ದರು. ಕೆಲಸ ಮುಗಿಯಲು ಎಷ್ಟು ಸಮಯ ಬೇಕೆಂದು ಎಲ್ಲರನ್ನೂ ಕೇಳಿದಾಗ ಬಂದ ಉತ್ತರ ಒಂದೂವರೆ ವರ್ಷದಿಂದ ಎರಡೂವರೆ ವರ್ಷ. ಬಳಿಕ ತಂಡದಲ್ಲಿದ್ದ ಪಠ್ಯರಚನಾ ತಜ್ಞರನ್ನು, ಇಂಥ ಬೇರೆ ತಂಡಗಳಿಗೆ ಎಷ್ಟು ಕಾಲ ಹಿಡಿದಿದೆ ಎಂದು ಕೇಳಿದರು. ಸುಮಾರು 40 ಶೇಕಡಾ ತಂಡಗಳು ಕೆಲಸ ಮುಗಿಸಲೇ ಇಲ್ಲ, ಮುಗಿಸಿದವಕ್ಕೆ 7ರಿಂದ 10 ವರ್ಷ ಹಿಡಿಯಿತು ಎಂದು ಅವರು ಉತ್ತರಿಸಿದರು. ಅದನ್ನು ಕೇಳಿಯೂ ತಂಡ ಮೊದಲಿನಂತೆಯೇ ಮುಂದುವರಿಯಿತು, ಪುಸ್ತಕ ಮುಗಿದದ್ದು 8 ವರ್ಷಗಳ ನಂತರ. ತಪ್ಪು ಅಂದಾಜಿನ ಬಗ್ಗೆಯೇ ಸಂಶೋಧನೆ ಮಾಡಿದವರು ಕೋಣೆಯೊಳಗೆ ಇದ್ದರು, ಬೇಕಾದ ಅಂಕಿಅಂಶವೂ ಅಲ್ಲೇ ಇತ್ತು.

ಹಾಗಾಗಿ ಸಂಶೋಧನೆಯನ್ನು ಕೆಲಸ ಮಾಡುವ ಮ್ಯಾನೇಜರುಗಳಿಗೆ ತಲುಪಿಸುವುದಕ್ಕಿಂತ ಮೊದಲು, ಅವರ ಕೈಕಟ್ಟಿ ಹಾಕುವ ನಿರ್ಧಾರಗಳನ್ನು ತೆಗೆದುಕೊಳ್ಳುವವರಿಗೆ ತಲುಪಿಸಬೇಕು. ಟೂಲ್ ರೂಮಿನ ಸರ್ ಮಾಲೀಕರನ್ನು ಒಪ್ಪಿಸಲು ಆರು ವಾರ ಹಿಡಿಯಿತೆಂದು ಒಂದು ಸಾಲಿನಲ್ಲಿ ಬರೆದಿದ್ದಾರೆ. ನನ್ನ ದೃಷ್ಟಿಯಲ್ಲಿ ಅವರ ಉತ್ತರದ ತಿರುಳು ಆ ಒಂದು ಸಾಲು.

ಉತ್ತರ 4: ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕ, ಹುಬ್ಬಳ್ಳಿ

ನಾನು ಕೈಗಾರಿಕಾ ಎಂಜಿನಿಯರಿಂಗ್ ಪಾಠ ಮಾಡುವವನು, ಸಂಶೋಧನೆ ಮಾಡುವವರ ಕಡೆಯವನು. ಈ ಅಂತರಕ್ಕೆ ನಮ್ಮ ಕಡೆಯಿಂದ ಆಗಿರುವ ಲೋಪವನ್ನು ಮೊದಲು ಒಪ್ಪಿಕೊಳ್ಳಬೇಕು. ಅಮೆರಿಕದಲ್ಲಿ ಸಾರಾ ರೈನ್ಸ್ ಮತ್ತು ಸಂಗಡಿಗರು 959 ಮಾನವ ಸಂಪನ್ಮೂಲ ಅಧಿಕಾರಿಗಳನ್ನು ಸಮೀಕ್ಷೆ ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಶೋಧನಾ ಪತ್ರಿಕೆಗಳನ್ನು ರೂಢಿಯಾಗಿ ಓದುವವರು 100ರಲ್ಲಿ ಒಬ್ಬರೂ ಇರಲಿಲ್ಲ. ಅದಕ್ಕೆ ಅವರನ್ನು ದೂರುವುದು ಸುಲಭ. ಆದರೆ ನಾವು ಬರೆಯುವುದು ಯಾರಿಗಾಗಿ? ಪರಿಶೀಲಿಸುವ ಇನ್ನೊಬ್ಬ ಸಂಶೋಧಕರಿಗಾಗಿ. ನಮ್ಮ ಬಡ್ತಿಗೆ ಲೆಕ್ಕವಾಗುವುದು ಪ್ರಬಂಧ ಅಚ್ಚಾದ ಪತ್ರಿಕೆ ಮಾನ್ಯ ಪತ್ರಿಕೆಗಳ ಯಾವ ಸೂಚಿಯಲ್ಲಿದೆ ಎಂಬುದು ಮಾತ್ರ. ಯಾವ ಟೂಲ್ ರೂಮಿನಲ್ಲಿ ಎಷ್ಟು ಜಾಬ್ ಕಾರ್ಡು ಕಡಿಮೆಯಾಯಿತು ಎಂಬುದಕ್ಕೆ ಅರ್ಜಿಯ ನಮೂನೆಯಲ್ಲಿ ಕಲಮೇ ಇಲ್ಲ. ಪೀಣ್ಯಕ್ಕೆ ಹೋಗಿ ಒಂದು ವಾರ ಕುಳಿತು ಎಣಿಸಿದ ಆ ಅಧ್ಯಾಪಕರ ಕೆಲಸಕ್ಕೆ ಅವರ ಸಂಸ್ಥೆಯಲ್ಲಿ ಯಾವ ಮನ್ನಣೆಯೂ ದೊರೆತಿರಲಿಕ್ಕಿಲ್ಲ. ಮೊದಲ ಉತ್ತರದ ಹಿರಿಯರು ಹೇಳಿದ ಗ್ರಂಥಾಲಯದ ವ್ಯಕ್ತಿಗೆ ಆದದ್ದೇ ನಮ್ಮಲ್ಲೂ ಆಗುತ್ತಿದೆ.

ನಮ್ಮ ನಾಡಿನಲ್ಲಿ ಇದೇ ಪ್ರಶ್ನೆಯನ್ನು ಇನ್ನೊಂದು ಕ್ಷೇತ್ರ ಬಹಳ ಹಿಂದೆಯೇ ಎದುರಿಸಿದೆ. ಕೃಷಿ ವಿಶ್ವವಿದ್ಯಾಲಯಗಳು ಹೊಸ ತಳಿಯ ವಿಷಯವನ್ನು ಪ್ರಬಂಧದಲ್ಲಿ ಬರೆದು, ರೈತರೇ ಓದಿಕೊಳ್ಳಲಿ ಎಂದು ಕೂರಲಿಲ್ಲ. ಅದಕ್ಕೆಂದೇ ವಿಸ್ತರಣೆ ಎಂಬ ಪ್ರತ್ಯೇಕ ವಿಭಾಗವಿದೆ, ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಯಿತು, ಕರ್ನಾಟಕದಲ್ಲಿ ಹೋಬಳಿ ಮಟ್ಟದಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ. ಹೊಸ ತಳಿಯನ್ನು ರೈತನ ಹೊಲದಲ್ಲೇ, ಅವನ ಹಳೆಯ ತಳಿಯ ಪಕ್ಕದಲ್ಲೇ ಬೆಳೆದು ತೋರಿಸುವ ಪ್ರಾತ್ಯಕ್ಷಿಕೆಯ ಹಿಂದೆ ಒಂದು ತಿಳಿವಳಿಕೆಯಿದೆ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹೇಗೆ ಹರಡಿತೆಂದು ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ 1943ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆಚ್ಚಿನ ರೈತರು ಬೀಜದ ಸುದ್ದಿಯನ್ನು ಮೊದಲು ಕೇಳಿದ್ದು ಮಾರಾಟಗಾರರಿಂದ, ನಂಬಿದ್ದು ಪಕ್ಕದ ಹೊಲದವರನ್ನು, ಶುರು ಮಾಡಿದ್ದು ತಮ್ಮ ಹೊಲದ ಸಣ್ಣ ಭಾಗದಲ್ಲಿ. ಪೀಣ್ಯದಲ್ಲಿ ನಡೆದದ್ದು ಬೇರೇನೂ ಅಲ್ಲ, ಹೊಲದ ಮೇಲಿನ ಪ್ರಾತ್ಯಕ್ಷಿಕೆಯೇ.

ಕೈಗಾರಿಕೆಗೂ ಒಮ್ಮೆ ಹೀಗೆ ಮಾಡಲಾಗಿತ್ತು. ಗುಣಮಟ್ಟ ನಿಯಂತ್ರಣಕ್ಕೆ ಸಂಖ್ಯಾಶಾಸ್ತ್ರವನ್ನು ತಂದ ವಾಲ್ಟರ್ ಶೂಹಾರ್ಟ್, ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಆಹ್ವಾನದ ಮೇಲೆ 1947-48ರಲ್ಲಿ ಭಾರತಕ್ಕೆ ಬಂದಿದ್ದರು. ಮುಂದೆ 1950ರ ದಶಕದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಬೊಂಬಾಯಿ, ಬೆಂಗಳೂರು ಮೊದಲಾದ ಕಡೆಗಳಲ್ಲಿ ಗುಣಮಟ್ಟ ನಿಯಂತ್ರಣದ ಘಟಕಗಳನ್ನು ತೆರೆಯಿತು. ಅವುಗಳ ಕೆಲಸ ಕಾರ್ಖಾನೆಯೊಳಗೆ ಹೋಗಿ ಅಲ್ಲಿಯ ಯಂತ್ರದ, ಅಲ್ಲಿಯ ಅಳತೆಗಳ ಮೇಲೆಯೇ ನಿಯಂತ್ರಣ ಚಿತ್ರ (ಅಳತೆಗಳು ಮಿತಿ ಮೀರುತ್ತಿವೆಯೇ ಎಂದು ತೋರಿಸುವ ನಕ್ಷೆ) ಬರೆದು ಕಲಿಸುವುದಾಗಿತ್ತು. ವಿನ್ಯಾಸ ತಂಡಗಳ ನಿರ್ವಹಣೆಗೆ ಅಂಥ ವಿಸ್ತರಣಾ ಸೇವೆ ಏಕೆ ಇರಬಾರದು ಎಂಬುದು ನಾನು ಬಹಳ ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆ.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಸಂಶೋಧನೆಯನ್ನು ಚಿಕ್ಕದಾಗಿ ಹೇಳುವಾಗ ಅದರ ಷರತ್ತುಗಳು ಮೊದಲು ಉದುರುತ್ತವೆ. ಬ್ರೂಕ್ಸ್ ಅವರೇ ತಮ್ಮ ನಿಯಮವನ್ನು ಅತಿ ಸರಳೀಕರಿಸಿದ ಮಾತೆಂದು ಹೇಳಿಕೊಂಡಿದ್ದರು; 1991ರಲ್ಲಿ ಅಬ್ದೆಲ್-ಹಮೀದ್ ಮತ್ತು ಮ್ಯಾಡ್ನಿಕ್ ಗಣಕ ಮಾದರಿಯಿಂದ ಪರೀಕ್ಷಿಸಿದಾಗ, ತಡವಾದ ಪ್ರಾಜೆಕ್ಟಿಗೆ ಜನರನ್ನು ಸೇರಿಸಿದರೆ ಖರ್ಚು ಖಂಡಿತ ಏರುತ್ತದೆ, ಆದರೆ ಪ್ರತಿ ಸಲವೂ ಇನ್ನಷ್ಟು ತಡವಾಗುವುದಿಲ್ಲ ಎಂದು ಕಂಡುಬಂತು. ಏಮಿ ಎಡ್ಮಂಡ್‌ಸನ್ ಅವರ ಕೆಲಸದ ಗತಿಯೂ ಇದೇ. ಆಸ್ಪತ್ರೆಗಳಲ್ಲಿ ಒಳ್ಳೆಯ ತಂಡಗಳು ಔಷಧ ನೀಡುವಲ್ಲಿ ಕಡಿಮೆ ತಪ್ಪು ಮಾಡುತ್ತವೆಂದು ನಿರೀಕ್ಷಿಸಿ ಹೊರಟ ಅವರಿಗೆ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ವರದಿಯಾಗಿರುವುದು ಕಂಡಿತು. ಅಲ್ಲಿಯವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಅದರ ವಿವರಣೆ. ತಯಾರಿಕಾ ಕಂಪನಿಯೊಂದರ 51 ತಂಡಗಳನ್ನು ಅಧ್ಯಯನ ಮಾಡಿ ಅವರು 1999ರಲ್ಲಿ ಪ್ರಕಟಿಸಿದ್ದು, ಹೆದರಿಕೆಯಿಲ್ಲದೆ ಪ್ರಶ್ನೆ ಕೇಳಬಲ್ಲ ತಂಡಗಳು ಹೆಚ್ಚು ಕಲಿಯುತ್ತವೆ, ಆದ್ದರಿಂದ ಉತ್ತಮವಾಗಿ ಕೆಲಸ ಮಾಡುತ್ತವೆ ಎಂಬುದನ್ನು. ಇದು ತರಬೇತಿ ಕೋಣೆಗಳಿಗೆ ಬರುವಷ್ಟರಲ್ಲಿ, ತಂಡದವರಿಗೆ ನೋವಾಗುವ ಮಾತನ್ನು ಆಡಬಾರದು ಎಂದಾಗಿಬಿಟ್ಟಿದೆ. ಅರ್ಥ ಪೂರ್ತಿ ತಿರುಗಿಹೋಗಿದೆ.

ಆದ್ದರಿಂದ ಮೇಡಂ, ನಿಮ್ಮ ಶುಕ್ರವಾರದ ಸಾರಾಂಶದ ಬದಲು ಒಂದು ಪುಟ ಬರೆಯಿರಿ. ಯಾವ ನಿರ್ಧಾರದ ಮುಂದೆ ನಿಂತಿದ್ದೇವೆ ಎಂಬುದರಿಂದ ಅದು ಶುರುವಾಗಲಿ, ಎಲ್ಲಿ, ಎಷ್ಟು ತಂಡಗಳಲ್ಲಿ ಏನು ಕಂಡಿತು ಎಂಬುದನ್ನು ಎರಡು ವಾಕ್ಯದಲ್ಲಿ ಹೇಳಲಿ, ಯಾವ ಸಂದರ್ಭದಲ್ಲಿ ಅದು ನಡೆಯದು ಎಂಬುದನ್ನು ಮುಚ್ಚಿಡದಿರಲಿ, ನಮ್ಮಲ್ಲಿ ಏನನ್ನು ಎಣಿಸಿದರೆ ಇದು ನಿಜವೋ ಸುಳ್ಳೋ ಗೊತ್ತಾಗುತ್ತದೆ ಎಂಬುದರಲ್ಲಿ ಮುಗಿಯಲಿ. ಆ ಪುಟ ನಿರ್ಧಾರ ಆಗುವ ದಿನ ಮೇಜಿನ ಮೇಲಿರಬೇಕು. ಒಂದು ವಾರ ಮೊದಲು ಬಂದರೂ ಅದನ್ನು ಯಾರೂ ಓದುವುದಿಲ್ಲ, ಒಂದು ದಿನ ತಡವಾದರೂ ಓದುವುದಿಲ್ಲ.

ಪ್ರಶ್ನೆ ಕೇಳಿದವರಿಂದ, ಐದು ವಾರಗಳ ನಂತರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಉತ್ತರಗಳನ್ನು ಹಲವು ಸಲ ಓದಿದ ಮೇಲೆ ಶುಕ್ರವಾರದ ಮೇಲ್ ನಿಲ್ಲಿಸಿದೆ. ವಿನ್ಯಾಸ ಬದಲಾವಣೆಯ ಕೋರಿಕೆಗಳನ್ನು ಟೂಲ್ ರೂಮಿನ ಸರ್ ಹೇಳಿದ ರೀತಿಯಲ್ಲೇ ಎಣಿಸಿದೆ: ಬಾಕಿ ಇದ್ದವು 84, ವಾರಕ್ಕೆ ಮುಗಿಯುತ್ತಿದ್ದವು 7, ಅಂದರೆ 12 ವಾರ. ನಾವು ಗ್ರಾಹಕರಿಗೆ ಹೇಳುತ್ತಿದ್ದದ್ದು 4 ವಾರ. ವೈಟ್‌ಫೀಲ್ಡಿನ ಸರ್ ಬರೆದದ್ದನ್ನು ಮನಸ್ಸಿನಲ್ಲಿಟ್ಟುಕೊಂಡು, ಹೊಸ ಆರ್ಡರಿನ ದಿನಾಂಕಗಳನ್ನು ಮಾರಾಟ ವಿಭಾಗದವರು ಒಪ್ಪಿಕೊಳ್ಳುವ ಸಭೆಗೆ ಕೇಳಿಕೊಂಡು ಹೋಗಿ, ಒಂದು ಪುಟವನ್ನು ಅಲ್ಲಿಟ್ಟೆ. ಲಿಟಲ್ ಅವರ ಹೆಸರನ್ನೂ ಹೇಳಲಿಲ್ಲ, 1961 ಎಂದೂ ಹೇಳಲಿಲ್ಲ.

ಸಂಜೆ ಐದರ ಫೋನಿನ ಬಗ್ಗೆ ಹೇಳಿದ್ದ ಆ ಹಿರಿಯ ಸಹೋದ್ಯೋಗಿಯೇ ಮೊದಲು ಮಾತನಾಡಿದರು. ಗ್ರಾಹಕರ ಉತ್ತರಕ್ಕಾಗಿ ಕಾಯುತ್ತಿರುವ ಕೋರಿಕೆಗಳನ್ನೂ ನಮ್ಮ ಬಾಕಿಯಲ್ಲಿ ಸೇರಿಸಿದ್ದೀರಾ ಎಂದು ಕೇಳಿದರು. ಸೇರಿಸಿದ್ದೆ. ಇಬ್ಬರೂ ಕುಳಿತು ಮತ್ತೆ ಎಣಿಸಿದಾಗ 84ರಲ್ಲಿ 31 ಕೋರಿಕೆಗಳು ಗ್ರಾಹಕರ ಬಳಿಯೇ ನಿಂತಿದ್ದವು. ಈಗ ಅವುಗಳ ಪಟ್ಟಿಯನ್ನು ಅವರೇ ಪ್ರತಿ ಸೋಮವಾರ ಗ್ರಾಹಕರಿಗೆ ಕಳುಹಿಸುತ್ತಿದ್ದಾರೆ. ದಿನಾಂಕದ ವಿಷಯದಲ್ಲಿ ಸಭೆ ಇನ್ನೂ ಒಪ್ಪಿಲ್ಲ. ಒಂದು ಆರ್ಡರಿಗೆ ಮಾತ್ರ 8 ವಾರ ಎಂದು ಬರೆದು ನೋಡೋಣ ಎಂದಿದ್ದಾರೆ. ಹೊಲದ ಸಣ್ಣ ಭಾಗ ಎಂಬ ಮಾತು ಆಗ ನೆನಪಾಯಿತು.

ಮೈಸೂರಿನ ಸರ್, ನಮ್ಮ ಟೆಸ್ಟಿಂಗ್ ವಿಭಾಗದಲ್ಲಿ ಹೊಸ್ತಿಲಿನವರೊಬ್ಬರು ಇದ್ದಾರೆಂದು ನಿಮ್ಮ ಉತ್ತರ ಓದಿದ ಮೇಲೆ ಹೊಳೆಯಿತು. ವಾರಕ್ಕೆ 3 ಗಂಟೆ ಇದಕ್ಕೆಂದು ಅವರ ವಾರ್ಷಿಕ ಗುರಿಗಳಲ್ಲಿ ಬರೆಯಿಸಬೇಕೆಂದು ಅವರ ಮೇಲಧಿಕಾರಿಗೆ ಲಿಖಿತವಾಗಿ ಕೇಳಿದ್ದೇನೆ, ಉತ್ತರ ಬಂದಿಲ್ಲ, ಮತ್ತೆ ಕೇಳುತ್ತೇನೆ.

ಟೂಲ್ ರೂಮಿನ ಸರ್‌ಗೆ ಒಂದು ಪ್ರಶ್ನೆ: ಕಾರ್ಡುಗಳ ಮಿತಿ 33 ಎಂದು ಹೇಗೆ ನಿರ್ಧರಿಸಿದಿರಿ?

ಉತ್ತರ 5: ಟೂಲ್ ರೂಮ್ ಪ್ರೊಡಕ್ಷನ್ ಮ್ಯಾನೇಜರ್, ಪೀಣ್ಯ

ಮೇಡಂ, 33 ಎಂದು ಮೊದಲೇ ನಿರ್ಧರಿಸಿರಲಿಲ್ಲ. ಮೊದಲ ತಿಂಗಳು 48 ಎಂದು ಹಾಕಿ, ಯಾವ ಯಂತ್ರವಾದರೂ ಕೆಲಸವಿಲ್ಲದೆ ಅರ್ಧ ಪಾಳಿಗಿಂತ ಹೆಚ್ಚು ನಿಲ್ಲುತ್ತದೆಯೇ ಎಂದು ನೋಡಿದೆವು. ನಿಲ್ಲಲಿಲ್ಲ, 42ಕ್ಕೆ ಇಳಿಸಿದೆವು, ಆಮೇಲೆ 36, ಆಮೇಲೆ 30. 30ರಲ್ಲಿ ಮಿಲ್ಲಿಂಗ್ ಯಂತ್ರ ಎರಡು ಸಲ ಇಡೀ ದಿನ ನಿಂತಿತು, ವಾರಕ್ಕೆ 6 ಮುಗಿಯುತ್ತಿದ್ದದ್ದು 5ಕ್ಕೆ ಇಳಿಯಿತು. ಹಾಗಾಗಿ 33ಕ್ಕೆ ಏರಿಸಿ ಅಲ್ಲೇ ಇಟ್ಟೆವು. ನೀವು ಗ್ರಾಹಕರ ಬಳಿ ಇರುವ 31ನ್ನು ಬೇರೆ ಪಟ್ಟಿಯಲ್ಲಿಟ್ಟು, ನಿಮ್ಮ ಕೈಯಲ್ಲಿರುವ 53ರಿಂದ ಶುರು ಮಾಡಿ. ಒಂದು ಸಲಕ್ಕೆ ಐದಾರಕ್ಕಿಂತ ಹೆಚ್ಚು ಇಳಿಸಬೇಡಿ, ಪ್ರತಿ ಸಲವೂ ಮೂರು ವಾರವಾದರೂ ಕಾದು ನೋಡಿ.